ಮೇಲಿನ ಟೇಬಲ್ಲಿಗೆ ಅವಸರ ಬ್ಯಾಡ್ರಿ

ಲಿಮಿಟ್ ಪೋಕರ್ ಅನ್ನೋ ಇಸ್ಪೀಟ್ ಜೂಜಿನ ಬಗ್ಗೆ ಒಂದು ಲೇಖನ ಓದಿದೆ. ನಾಲ್ಕೈದು ಸಂಜಿ ಗೆದ್ದರ 4-8 ಟೇಬಲ್ (ಸಣ್ಣ ಬೆಟ್ 4 ಡಾಲರ್, ದೊಡ್ಡ ಬೆಟ್ 8) ಬಿಟ್ಟು 8-16ಕ್ಕ ಏರಬಹುದು ಅಂತ ಅದರ ಲೇಖಕರು ಬರೆದಾರ. ನನಗಿದು ಒಪ್ಪಿಗಿ ಇಲ್ಲ. ಲಿಮಿಟ್‌ನಾಗ ಬೆಟ್ ಮೊದಲೇ ಗೊತ್ತಿರ್ತದ: ಫ್ಲಾಪ್ (ಟೇಬಲ್ ಮ್ಯಾಲ ತೆರೆಯೋ ಮೊದಲ ಮೂರು ಎಲಿ) ತನಕ ಸಣ್ಣದು, ಟರ್ನ್ (ನಾಲ್ಕನೇ ಎಲಿ) ಮತ್ತ ರಿವರ್‌ಗೆ (ಐದನೇ, ಕೊನೇ ಎಲಿ) ಅದರ ಎರಡರಷ್ಟು. ಒಂದೇ ಕೈಯಾಗ ಎಲ್ಲಾ ಹೋಗಂಗಿಲ್ಲ ಖರೆ, ಆದ್ರ ಛಲೋ ಆಡೋರೂ ವಾರಗಟ್ಟಲೆ ಸೋಲ್ತಾರ. ಅದಕ್ಕೇ ಹಳೇ ಆಟಗಾರರು 300 ದೊಡ್ಡ ಬೆಟ್‌ನಷ್ಟು ರೊಕ್ಕ ಬ್ಯಾರೆ ತೆಗೆದಿಡ್ತಾರ. 8-16 ಡಾಲರ್ ಆಟಕ್ಕ ಅದು 4,800 ಡಾಲರ್ ಆಗ್ತದ.

ಆಟದ ರೀತಿನೂ ಬದಲಾಗ್ತದ. ಕೆಳಗ ಐದಾರು ಮಂದಿ ಫ್ಲಾಪ್ ನೋಡಾಕ ಬರ್ತಾರ, ಒಳ್ಳೆ ಎಲಿಗೆ ಕಾದ್ರ ನಡೀತದ. ಮ್ಯಾಲ ಒಬ್ಬ ರೇಜ್ ಮಾಡ್ತಾನ (ಬೆಟ್ ಏರಸ್ತಾನ), ಇನ್ನೊಬ್ಬ ಮತ್ತ ಏರಸ್ತಾನ, ಉಳಿದವರು ಎಲಿ ಒಗೀತಾರ. ಆಗ ಬರೇ ಒಂದು ಜೋಡಿ ಹಿಡಕೊಂಡು ರಿವರ್ ತನಕ ಕಾಲ್ ಮಾಡೋ (ಎದುರಿನವರ ಬೆಟ್‌ಗೆ ಸಮ ಹಾಕೋ) ಗಟ್ಟಿ ಮನಸ್ಸು ಬೇಕು.

ನಮ್ಮ ಕಲಬುರಗಿ ಹುಡುಗರು ಗೋವಾ ಕ್ಯಾಸಿನೋಕ್ಕ ಹೋಗೋರು ಇದನ್ನ ಓದ್ತಾರ, ಅದಕ್ಕ ಇಷ್ಟು ಬರೆದೆ. ತೊಗರಿ ಮಾರಿದ ರೊಕ್ಕ ಅಲ್ಲಿಗೆ ಒಯ್ಯಬ್ಯಾಡ್ರಪ್ಪಾ. ಮತ್ತ ಲೇಖಕರೇ, ಕ್ಯಾಸಿನೋದವರು ಪ್ರತಿ ಪಾಟ್‌ನಾಗ (ಎಲ್ಲಾರೂ ಹಾಕಿದ ಬೆಟ್‌ನ ಒಟ್ಟು ರೊಕ್ಕದಾಗ) ಕೊಯ್ಯೋ ಪಾಲು, ಅಂದ್ರ ರೇಕ್ ಬಗ್ಗೆ ಒಂದು ಮಾತೂ ಇಲ್ಲ. ಕೆಳಗಿನ ಟೇಬಲ್‌ನಾಗ ಗೆಲುವಿನ ದೊಡ್ಡ ಪಾಲು ತಿನ್ನೋದೇ ಅದು, ಅದನ್ನೂ ಲೆಕ್ಕಕ್ಕ ಹಿಡಿದು ಬರೀರಿ.