ಸ್ಪಷ್ಟನೆ: ಬ್ಲೈತ್‌ಬರೊ ಚರ್ಚಿನ ದೇವದೂತರಿಗೆ ಗುಂಡು ಹೊಡೆದದ್ದು ಕ್ರಾಮ್‌ವೆಲ್ ಸೈನಿಕರಲ್ಲ

ಇಂಗ್ಲೆಂಡಿನ ಸಫೋಕ್ ಜಿಲ್ಲೆಯ ಬ್ಲೈತ್‌ಬರೊ ಎಂಬ ಹಳ್ಳಿಯ ಚರ್ಚಿನ ಫೋಟೋ ಜೊತೆ ಒಂದು ಮಾತು ಓಡಾಡುತ್ತಿದೆ. ಚಾವಣಿಯ ಮರದ ದೇವದೂತರ ಮೈಮೇಲಿನ ತೂತುಗಳು, 17ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜನ ವಿರುದ್ಧ ಹೋರಾಡಿದ ಕ್ರಾಮ್‌ವೆಲ್‌ನ ಸೈನಿಕರ ಗುಂಡಿನವು ಅಂತ. ಕೇಳೋಕೆ ರೋಚಕವಾಗಿದೆ, ಆದರೆ ನಿಜವಲ್ಲ.

15ನೇ ಶತಮಾನದಲ್ಲಿ ಕಟ್ಟಿದ ಗೋಥಿಕ್ ಚರ್ಚು ಇದು. ಗೋಡೆಗಿಂತ ಕಿಟಕಿಯೇ ಜಾಸ್ತಿ ಅನ್ನಿಸುವಷ್ಟು ಬೆಳಕು. ಮೇಲೆ ರೆಕ್ಕೆ ಬಿಚ್ಚಿದ ದೇವದೂತರು. ಹಳೆಯ ಕೆಂಪು, ಹಸಿರು ಬಣ್ಣ ಮಾಸಿದ್ದರೂ ಇನ್ನೂ ಉಳಿದಿದೆ.

1644ರ ಏಪ್ರಿಲ್‌ನಲ್ಲಿ ವಿಲಿಯಂ ಡೌಸಿಂಗ್ ಇಲ್ಲಿಗೆ ಬಂದದ್ದು ನಿಜ. ಅವನೂ ಕ್ರಾಮ್‌ವೆಲ್ ಪಕ್ಷದವನೇ; ಚರ್ಚುಗಳಲ್ಲಿನ ಚಿತ್ರ, ಶಿಲುಬೆಗಳನ್ನು ತೆಗೆಸುವುದೇ ಅವನ ಕೆಲಸ. ಇಲ್ಲಿ 20 ದೇವದೂತರನ್ನು ಇಳಿಸಬೇಕು ಅಂತ ತನ್ನ ದಿನಚರಿಯಲ್ಲಿ ಬರೆದುಕೊಂಡ. ಇಳಿಸಬೇಕು ಅಂತ, ಗುಂಡು ಹೊಡೆಯಬೇಕು ಅಂತಲ್ಲ. ಚಾವಣಿ ಅಷ್ಟು ಎತ್ತರದಲ್ಲಿ ಇದ್ದದ್ದೇ ಅವನ್ನು ಕಾಪಾಡಿತು ಅನಿಸುತ್ತದೆ ನನಗೆ.

ಹಾಗಾದರೆ ತೂತು? 1970ರ ದಶಕದ ದುರಸ್ತಿ ವೇಳೆ ಮರದೊಳಗೆ ಸೀಸದ ಚರೆಗಳು ಸಿಕ್ಕವು. ಅವು 18ನೇ ಶತಮಾನದ ಬಗೆಯವು. ಆಗ ಚರ್ಚಿನೊಳಗೆ ಜಾಕ್‌ಡಾ ಎಂಬ ಸಣ್ಣ ಕಾಗೆಗಳ ಕಾಟ. ಅವನ್ನು ಹೊಡೆಯಲು ಚರ್ಚಿನವರೇ ದುಡ್ಡು ಕೊಟ್ಟು ಜನರನ್ನು ನೇಮಿಸಿದ್ದರು. ಕಾಗೆಗೆ ಗುರಿಯಿಟ್ಟ ಚರೆ ದೇವದೂತರಿಗೂ ತಾಗಿದೆ, ಅಷ್ಟೇ.

ದಯವಿಟ್ಟು ಆ ಫೋಟೋ ಹಂಚುವಾಗ ಅದರ ಕೆಳಗಿನ ಸಾಲು ತಿದ್ದಿ.