ಸಸಿ ಲೆಕ್ಕ ಆಮೇಲೆ, ಮೊದಲು ಬುಡ ಬಿಡಿಸಿ

ಒಂದು ಮರ ಕಡಿದರೆ ಹತ್ತು ಸಸಿ ನೆಟ್ಟರಾಯ್ತು ಅನ್ನೋ ಮಾತು ಮರಗಳ ಬಗ್ಗೆ ಬರೆಯುವ ಲೇಖನಗಳಲ್ಲೂ ಬರುತ್ತೆ. ಬೆಂಗಳೂರಿನವರಿಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ.

ನಮ್ಮ ಬೀದಿಯಲ್ಲಿ ಒಂದು ದೊಡ್ಡ ಹೊಂಗೆ ಮರ ಇತ್ತು. ಅದರ ನೆರಳಲ್ಲಿ ಇಸ್ತ್ರಿ ಗಾಡಿ, ಎರಡು ಆಟೊ, ಮಧ್ಯಾಹ್ನ ಬುತ್ತಿ ಬಿಚ್ಚುವ ಪೌರಕಾರ್ಮಿಕರು. ಫುಟ್‌ಪಾತ್ ಸರಿ ಮಾಡ್ತೀವಿ ಅಂತ ಬಂದವರು ಒಂದು ಪಕ್ಕದ ಬೇರು ಕತ್ತರಿಸಿ, ಬುಡಕ್ಕೆ ತಾಗುವಂತೆ ಕಾಂಕ್ರೀಟ್ ಸುರಿದರು. ಎರಡನೇ ವರ್ಷದ ಮೇ ಮಳೆಗೆ ಮರ ಕಾರಿನ ಮೇಲೆ ಉರುಳಿತು. ‘ಹಳೇ ಮರ ಅಲ್ವಾ, ಬೀಳುತ್ತೆ’ ಅಂದರು! ಆಮೇಲೆ ನೆಟ್ಟ ಸಸಿಗಳಲ್ಲಿ ಉಳಿದಿರುವುದು ಒಂದೇ. ಅದೂ ಇಸ್ತ್ರಿಯವರು ದಿನಾ ಒಂದು ಬಿಂದಿಗೆ ನೀರು ಹಾಕಿದ್ದಕ್ಕೆ.

ಕಾನೂನು ಇದೆ. 1976ರ ಮರ ಸಂರಕ್ಷಣಾ ಕಾಯ್ದೆಯಡಿ ನಮ್ಮ ಕಾಂಪೌಂಡಿನೊಳಗಿನ ಹೆಚ್ಚಿನ ಮರಗಳನ್ನೂ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಆದರೆ ಬೇರು ಕತ್ತರಿಸಿ ನಿಧಾನವಾಗಿ ಕೊಂದರೆ ಯಾರೂ ಕೇಳಲ್ಲ.

ಹಿಂದೆ ಲಾಲ್‌ಬಾಗ್ ತೋಟ ನೋಡಿಕೊಳ್ಳುತ್ತಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಲಿ ಅಂತ ಯೋಚಿಸಿ ಬೀದಿ ಮರ ಆರಿಸಿದ್ದರು. ನಾವು ಅಷ್ಟೆಲ್ಲ ಕೇಳ್ತಿಲ್ಲ. ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಿ, ಸಾಕು. ಮಳೆಗಾಲಕ್ಕೆ ಮುಂಚೆ ಆದರೆ ಇನ್ನೂ ಒಳ್ಳೇದು.