ಸುಜುಕಿ ಬಂದರಾ, ಬಂತಾ?

ನಾನು ಮಂಡ್ಯದವನು, ಈಗ ಇರುವುದು ಜಪಾನಿನ ನಗೋಯಾದಲ್ಲಿ. ಜಪಾನಿ ಭಾಷೆ ಕಲಿಯಲು ಹೊರಟ ನಮ್ಮ ಕಡೆಯ ಹುಡುಗರು ಮೊದಲು ಹೆದರುವುದು ಚೀನಾದಿಂದ ಬಂದ ಕಾಂಜಿ ಅಕ್ಷರಗಳಿಗೆ. ನನ್ನನ್ನು ಕೇಳಿದರೆ, ಅದಕ್ಕಿಂತ ಜಾಸ್ತಿ ತಲೆ ಕೆಡಿಸುವುದು ಕಂಪನಿಗಳ ಹೆಸರು.

ಮಂಡ್ಯ, ಮೈಸೂರು ಕಡೆ ಮನೆತನದ ಹೆಸರಿನ ಬಳಕೆಯೇ ಕಡಿಮೆ. ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಆಮೇಲೆ ನಮ್ಮ ಹೆಸರು, ಮುಗೀತು. ದೊಡ್ಡ ಕಾರ್ಖಾನೆಗಳಿಗೂ ಊರಿನ ಹೆಸರೇ. 1933ರಲ್ಲಿ ಮಂಡ್ಯದಲ್ಲಿ ಶುರುವಾದದ್ದು ಮೈಸೂರು ಷುಗರ್. ಚುನಾವಣೆಗೆ ಬೆರಳಿಗೆ ಹಚ್ಚುವ ಶಾಯಿ ಮಾಡುವುದು ಮೈಸೂರು ಪೇಂಟ್ಸ್. ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾದ ಹೆಸರಿನಲ್ಲಿ ಅರ್ಧ ಯಾನೆಚೆಕ್ ಎಂಬ ಜೆಕ್ ಮನೆತನದ್ದು, ಇನ್ನರ್ಧ ವಾಂಡರರ್ ಎಂಬ ಜರ್ಮನ್ ಕಂಪನಿಯದ್ದು. ಆದರೆ ನಮಗೆ ಜಾವಾ ಎಂದರೆ ಬೈಕು, ಅಷ್ಟೇ. ಸುಜುಕಿಯೂ ಹಾಗೇ.

ಜಪಾನಿನಲ್ಲಿ ಸುಜುಕಿ ತೀರಾ ಸಾಮಾನ್ಯವಾದ ಮನೆತನದ ಹೆಸರು. ಆಫೀಸಿನಲ್ಲಿ ಯಾರೋ ‘ಸುಜುಕಿ ಸಾನ್ ಕಿಮಾಶಿತಾ’ ಅಂದರು ಅನ್ನಿ. ‘ಕಿಮಾಶಿತಾ’ ಅಂದರೆ ‘ಬಂದರು’ ಅಂತಲೂ ಆಗುತ್ತದೆ, ‘ಬಂತು’ ಅಂತಲೂ ಆಗುತ್ತದೆ. ‘ಸಾನ್’ ಮರ್ಯಾದೆಯ ಮಾತು, ನಮ್ಮ ‘ಅವರು’ ಇದ್ದ ಹಾಗೆ. ವ್ಯವಹಾರದ ಮಾತಿನಲ್ಲಿ ಅದನ್ನು ಕಂಪನಿಗೂ ಸೇರಿಸುತ್ತಾರೆ. ಕ್ರಿಯಾಪದವೂ ಬದಲಾಗುವುದಿಲ್ಲ. ಬಂದದ್ದು ಪಕ್ಕದ ವಿಭಾಗದ ಸುಜುಕಿಯೋ, ಸುಜುಕಿ ಕಂಪನಿಯ ಕಡೆಯವರೋ? ಸಂದರ್ಭ ನೋಡಿಯೇ ತಿಳಿಯಬೇಕು.

ಬರವಣಿಗೆಯಲ್ಲಿ ಸ್ವಲ್ಪ ವಾಸಿ. ಮನುಷ್ಯ ಸುಜುಕಿಯನ್ನು ಕಾಂಜಿಯಲ್ಲಿ ಬರೆಯುತ್ತಾರೆ, ಕಂಪನಿ ಸುಜುಕಿಯನ್ನು ಕತಕಾನಾ ಎಂಬ ಇನ್ನೊಂದು ಲಿಪಿಯಲ್ಲಿ. ಆದರೆ ಟೊಯೊಟಾ ವಿಷಯದಲ್ಲಿ ಈ ದಾರಿಯೂ ಪೂರ್ತಿ ಕೈಹಿಡಿಯುವುದಿಲ್ಲ. ಆ ಮನೆತನದ ಹೆಸರು ಟೊಯೊಡ. 1937ರಲ್ಲಿ ಕಾರು ಕಂಪನಿ ಕಟ್ಟಿದಾಗ ಟೊಯೊಟಾ ಎಂದು ಇಟ್ಟರು. ನಗೋಯಾದ ಹತ್ತಿರದ ಕೊರೊಮೊ ಎಂಬ ಊರು 1959ರಲ್ಲಿ ತನ್ನ ಹೆಸರನ್ನೇ ಟೊಯೊಟಾ ಎಂದು ಬದಲಿಸಿಕೊಂಡಿತು. ಊರಿನ ಹೆಸರು ಬರೆಯುವುದು ಮನೆತನದ ಅದೇ ಎರಡು ಕಾಂಜಿಯಲ್ಲಿ, ಓದುವುದು ಮಾತ್ರ ಕಂಪನಿಯ ಹಾಗೆ. ಟೋಕಿಯೋ ಕಡೆಯ ಹಿನೊದಲ್ಲಿ ಒಂದು ರೈಲು ನಿಲ್ದಾಣವಿದೆ. ಬೋರ್ಡಿನ ಮೇಲೆ ಅವೇ ಎರಡು ಅಕ್ಷರ. ಅಲ್ಲಿ ಟೊಯೊಡ ಎಂದು ಓದಬೇಕು! ಹೊಸಬರಿಗೆ ಎಷ್ಟು ಕಷ್ಟ, ಅಲ್ವಾ?

ಈ ಒಂದು ವಿಷಯದಲ್ಲಿ ನಮ್ಮ ಕನ್ನಡ ಬಹಳ ಅಚ್ಚುಕಟ್ಟು. ಬೆಂಗಳೂರಿಂದ ಮಂಡ್ಯಕ್ಕೆ ಬರುವಾಗ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಸಿಗುತ್ತದೆ. ಒಂದೇ ಹೆಸರಿನೊಳಗೆ ಎರಡು ಮನೆತನ, ಒಂದು ಜಪಾನಿನದು, ಒಂದು ಮರಾಠಿಗರದು. ‘ಕಿರ್ಲೋಸ್ಕರ್ ಹೇಳಿದರು’ ಅಂದರೆ ಮನುಷ್ಯ. ‘ಕಿರ್ಲೋಸ್ಕರ್ ಹೇಳಿತು’ ಅಂದರೆ ಕಂಪನಿ. ಟಾಟಾ ಬಂದರು, ಟಾಟಾ ಬಂತು, ಟಾಟಾದವರು ಬಂದರು: ಮೂರೂ ಬೇರೆ ಬೇರೆ. ‘ಟಾಟಾದಲ್ಲಿ ಕೆಲಸ’ ಬೇರೆ, ‘ಟಾಟಾ ಅವರ ಹತ್ತಿರ ಕೆಲಸ’ ಬೇರೆ. ನಾವು ಯೋಚನೆಯೇ ಮಾಡದೆ ಸರಿಯಾಗಿ ಆಡುತ್ತೇವೆ. ಹೊರಗಿನಿಂದ ಬಂದು ಕನ್ನಡ ಕಲಿಯುವವರಿಗೆ ಮಾತ್ರ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು.

ಮೈಸೂರಿಗೆ ಕೆಲಸಕ್ಕೆಂದು ಬರುವ ಹೊರರಾಜ್ಯದವರಿಗೆ ಕನ್ನಡ ಕಲಿಸುವವರು ಈ ಮೂರು ರೂಪಗಳನ್ನು ಶುರುವಿನಲ್ಲೇ ಬಾಯಿಗೆ ಕೂರಿಸಲಿ. ಅವರು ದಿನಾ ಕೇಳುವ ಹೆಸರುಗಳೇ ಇರುವುದರಿಂದ ಬೇಗ ಹತ್ತುತ್ತದೆ. ಕನ್ನಡದಲ್ಲಿ ಇಂಗ್ಲಿಷಿನಂತೆ ದೊಡ್ಡಕ್ಷರ ಇಲ್ಲ, ಹೆಸರು ಯಾವುದು ಎಂದು ಕಣ್ಣಿಗೆ ಬೀಳುವುದಿಲ್ಲ. ಹೊಸಬರಿಗೆ ಆಸರೆ ಪದದ ಕೊನೆಯಲ್ಲೇ ಇದೆ.

ಅದಕ್ಕೇ ಪತ್ರಿಕೆಯ ತಲೆಬರಹ ಬರೆಯುವವರಲ್ಲೂ ಒಂದು ಕೋರಿಕೆ. ‘ಟಾಟಾ ಹೊಸ ಹೂಡಿಕೆ’ ಎಂದು ಬರೆದರೆ ಆ ಆಸರೆಯೂ ಹೋಯಿತು. ‘ಟಾಟಾದಿಂದ ಹೊಸ ಹೂಡಿಕೆ’ ಎಂದು ಬರೆಯಿರಿ. ಎರಡಕ್ಷರ ತಾನೇ, ಜಾಗ ಸಿಗುತ್ತದೆ.